ಫ್ಲೈ, ಬ್ಯಾಚ್, ಇಲ್ಲವೇ ತೊಳೆಯುವುದೇ ಬೇಡ: ಪಂಪಿರುವ ಬ್ರೂ ಕಿಟ್ಟಿನ ಜೊತೆ ಒಂದು ಮಳೆಗಾಲ

ಬಿಯರ್ ಮಾಡುವಾಗ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಒಡೆದು ಬಿಸಿನೀರಿನಲ್ಲಿ ನೆನೆಸಿಟ್ಟು ಅದರ ಪಿಷ್ಟವನ್ನು ಸಿಹಿಯಾಗಿಸುವುದು ಮ್ಯಾಶ್. ಅದು ಮುಗಿದ ಮೇಲೆ ಮಾಲ್ಟಿನ ನಡುವೆ ಸಿಕ್ಕಿಕೊಂಡಿರುವ ಸಿಹಿಯನ್ನು ಬಿಸಿನೀರು ಹಾಕಿ ತೊಳೆದು ತೆಗೆಯುವ ಕೆಲಸಕ್ಕೆ ಸ್ಪಾರ್ಜಿಂಗ್ ಅನ್ನುತ್ತಾರೆ. ಕೇಳಲು ಇಷ್ಟೇ. ಆ ನೀರನ್ನು ಸಣ್ಣಗೆ ಸುರಿಯುತ್ತಲೇ ಇರಬೇಕೋ (ಇದು ಫ್ಲೈ), ಒಟ್ಟಿಗೆ ಸುರಿದು ಕಲಕಬೇಕೋ (ಇದು ಬ್ಯಾಚ್), ಅಥವಾ ತೊಳೆಯುವ ಗೊಡವೆಯೇ ಬೇಡವೋ ಅನ್ನುವ ವಿಷಯಕ್ಕೆ ಬಂದರೆ, ಬಿಯರ್ ಮಾಡುವವರು ಇಬ್ಬರು ಸೇರಿದ ಕಡೆ ಮೂರು ಅಭಿಪ್ರಾಯ ಇರುತ್ತದೆ. ಪಂಪು ಹಾಕಿ ವರ್ಟನ್ನು, ಅಂದರೆ ಮಾಲ್ಟಿನಿಂದ ಇಳಿದ ಸಿಹಿ ರಸವನ್ನು, ಸುತ್ತಿಸುವ ಕಿಟ್ಟಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂದು ನೋಡುತ್ತಾ ಹೋದ ವರ್ಷದ ಮಳೆಗಾಲ ಕಳೆದೆ.

ಕಿಟ್ ಇರುವುದು ಜೆ.ಪಿ. ನಗರದ ಆಚೆ, ಭಾವನ ಬ್ರೂಪಬ್ಬಿನ ಹಿಂದಿನ ಶೆಡ್ಡಿನಲ್ಲಿ. ಮನೆಯ ತಾರಸಿಯಲ್ಲೇ ಇಟ್ಟುಕೊಳ್ಳುವ ಆಸೆ ನನಗಿತ್ತು. ಆದರೆ ಕರ್ನಾಟಕದ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಭಾವನಿಗೆ ಮೈಕ್ರೋಬ್ರೂವರಿ ಲೈಸೆನ್ಸ್ ಇದೆ, ಹೊಸ ರೆಸಿಪಿಗಳನ್ನು ಸಾವಿರ ಲೀಟರಿಗೆ ಇಳಿಸುವ ಮೊದಲು ಇಪ್ಪತ್ತು ಲೀಟರಿನಲ್ಲಿ ನೋಡುವ ಅಗತ್ಯವೂ ಅವರಿಗಿತ್ತು. ಹಾಗಾಗಿ ನನ್ನ ಹುಚ್ಚು, ಅವರ ಜಾಗ.

ಕಿಟ್ ಅಂದರೆ ದೊಡ್ಡದೇನಲ್ಲ. 30 ಲೀಟರಿನ ಸ್ಟೀಲ್ ಪಾತ್ರೆ ಮ್ಯಾಶಿಗೆ. ಅದರ ತಳದಿಂದ ಒಂದಿಂಚು ಮೇಲೆ ಪೀಣ್ಯದಲ್ಲಿ ಕಟ್ ಮಾಡಿಸಿದ ತೂತಿನ ತಟ್ಟೆ. ಕುದಿಸಲು ಇನ್ನೊಂದು 40 ಲೀಟರಿನ ಪಾತ್ರೆ, ಅದರೊಳಗೆ 3 ಕಿಲೋವ್ಯಾಟ್ ಹೀಟರ್. ಎಸ್.ಜೆ.ಪಿ. ರಸ್ತೆಯಲ್ಲಿ ಕೊಂಡ ಒಂದು ಮ್ಯಾಗ್ನೆಟಿಕ್ ಡ್ರೈವ್ ಪಂಪು. ಪಂಪಿನ ಮುಂದೆ ಸ್ಟೀಲ್ ಕೊಳವೆ, ಅದರಲ್ಲಿ ಒಂದೂವರೆ ಕಿಲೋವ್ಯಾಟಿನ ಸಣ್ಣ ಹೀಟರ್. ಪಾತ್ರೆಯ ತಳದಿಂದ ವರ್ಟನ್ನು ಎಳೆದು, ಈ ಕೊಳವೆಯಲ್ಲಿ ಬಿಸಿ ಮಾಡಿ, ಮತ್ತೆ ಮಾಲ್ಟಿನ ಮೇಲೆ ಬಿಡುವ ಈ ಜೋಡಣೆಗೆ ರಿಮ್ಸ್ ಅಂತ ಹೆಸರು. ಬಿಸಿ ಎಷ್ಟಿರಬೇಕೆಂದು ನೋಡಿಕೊಳ್ಳಲು ಒಂದು ಪಿಐಡಿ ಕಂಟ್ರೋಲರ್. ಎಸ್.ಪಿ. ರಸ್ತೆಯ ಅಂಗಡಿಯವನು ಅದನ್ನು ಕೈಗೆ ಕೊಡುತ್ತಾ, "ಏನ್ ಸಾರ್, ಇಡ್ಲಿ ಸ್ಟೀಮರ್‌ಗಾ?" ಅಂದ. ಹೌದು ಅಂದುಬಿಟ್ಟೆ. ವಿವರಿಸಲು ಹೋದರೆ ಅರ್ಧ ಗಂಟೆ.

ಪಂಪಿನಿಂದ ಸಿಗುವ ದೊಡ್ಡ ಲಾಭ ತಾಪಮಾನ ಒಂದೇ ಅಲ್ಲ. ತಟ್ಟೆಯ ಮೇಲೆ ಕೂತ ಮಾಲ್ಟಿನ ಒಂದೇ ಹಾಸಿನ ಮೂಲಕ ಗಂಟೆಗಟ್ಟಲೆ ಹರಿದು ಹರಿದು ವರ್ಟ್ ತಿಳಿಯಾಗುತ್ತದೆ. ಮಾಲ್ಟಿನ ಸಿಪ್ಪೆಯೇ ಅಲ್ಲಿ ಜರಡಿ. ಪಂಪಿಲ್ಲದ ಕಿಟ್ಟಿನಲ್ಲಿ ಜಗ್ಗಿನಲ್ಲಿ ಹಿಡಿದು ಮತ್ತೆ ಮೇಲೆ ಸುರಿದು ಮಾಡುವ ಕೆಲಸ ಇಲ್ಲಿ ತಾನಾಗಿಯೇ ಆಗಿರುತ್ತದೆ. ಪಾತ್ರೆಯ ಮೇಲಿಂದ ಕೆಳಗಿನವರೆಗೆ ಸಿಹಿಯೂ ಒಂದೇ ಸಮ ಹರಡಿರುತ್ತದೆ. ಸ್ಪಾರ್ಜಿಂಗ್ ಆರಿಸುವಾಗ ಈ ಎರಡು ಸಂಗತಿಗಳೇ ಮುಖ್ಯ ಅಂತ ನನಗೆ ಹೊಳೆದದ್ದು ತುಸು ತಡವಾಗಿ. ಶುರುವಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವುದರಲ್ಲಿ ಎಫಿಷಿಯನ್ಸಿ ಜಾಸ್ತಿ, ಅಂದರೆ ಮಾಲ್ಟಿನಲ್ಲಿರುವ ಸಿಹಿಯ ಹೆಚ್ಚು ಪಾಲು ಯಾವುದರಲ್ಲಿ ಕೈಗೆ ಸಿಗುತ್ತದೆ?

ಭಾವನ ಉತ್ತರ ಸಿದ್ಧವಿತ್ತು.

"ಫ್ಲೈ. ಯೋಚನೆ ಮಾಡೋದೇನಿದೆ?"

"ಇಪ್ಪತ್ತು ಲೀಟರಿಗೂ ಫ್ಲೈ ಬೇಕಾ ಭಾವ?"

"ಯಾಕೋ ಬೇಡ? ನನ್ನ ಸಾವಿರ ಲೀಟರಿಗೆ ಆಗೋದು ನಿನ್ನ ಬಿಂದಿಗೆಗೆ ಆಗಲ್ವಾ?"

ಅವರ ಲೆಕ್ಕ ಅವರ ಮಟ್ಟಿಗೆ ಸರಿ. ಗ್ರ್ಯಾವಿಟಿ ಅಂದರೆ ನೀರನ್ನು 1.000 ಅಂತ ಇಟ್ಟುಕೊಂಡು ವರ್ಟ್ ಎಷ್ಟು ಗಟ್ಟಿ ಅನ್ನುವ ಅಳತೆ, ಸಿಹಿ ಹೆಚ್ಚಿದಷ್ಟೂ ಅಂಕಿ ಏರುತ್ತದೆ. 1.048 ಗ್ರ್ಯಾವಿಟಿಯ ಸಾವಿರ ಲೀಟರ್ ವರ್ಟಿಗೆ 85 ಪರ್ಸೆಂಟ್ ಎಫಿಷಿಯನ್ಸಿ ಸಿಕ್ಕರೆ ಸುಮಾರು 184 ಕೆಜಿ ಮಾಲ್ಟ್ ಸಾಕು. ಅದು 75ಕ್ಕೆ ಇಳಿದರೆ 208 ಕೆಜಿ ಬೇಕು. ಪ್ರತಿ ಸಲ 24 ಕೆಜಿ, ಅಂದರೆ ಸರಿಸುಮಾರು ಒಂದು ಚೀಲ ಹೆಚ್ಚು. ಯಾವ ಹೋಟೆಲಿನವನೂ ಅದನ್ನು ಬಿಡುವುದಿಲ್ಲ. ನನ್ನ ಕಿಟ್ಟಿನಲ್ಲಿ ಅದೇ ವ್ಯತ್ಯಾಸ ಅರ್ಧ ಕೆಜಿ ದಾಟುವುದಿಲ್ಲ.

ಆದರೂ ಹಿರಿಯರ ಮಾತು ಅಂತ ಫ್ಲೈನಿಂದಲೇ ಶುರು ಮಾಡಿದೆ. ಅದಕ್ಕೂ ಮೊದಲು ನೀರಿನ ವಿಚಾರ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಸ್ಪಾರ್ಜಿಂಗ್ ಅಂದರೆ ಅರ್ಧ ಪಾಲು ನೀರಿನ ಜಗಳವೇ.

ಶೆಡ್ಡಿನಲ್ಲಿ ಎರಡು ನಲ್ಲಿ. ಒಂದು ಕಾವೇರಿ ಲೈನು, ದಿನ ಬಿಟ್ಟು ದಿನ ಬರುತ್ತದೆ. ಇನ್ನೊಂದು ಸಂಪಿನದು, ಅದರಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬೆರೆತಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಕ್ಷಾರೀಯತೆಯನ್ನು, ಅಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಗುಣವನ್ನು, ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ, ಬೇರೆ ನೀರು ಸಿಗದಿದ್ದರೆ 600ರವರೆಗೂ ಬಿಡುತ್ತದೆ. ಕುಡಿಯಲು ಅಡ್ಡಿಯಿಲ್ಲ. ಆದರೆ ಮಾಲ್ಟ್ ತೊಳೆಯಲು 300 ಬಂದರೇ ಕಷ್ಟ. ಮ್ಯಾಶಿನಲ್ಲಿರುವಾಗ ಮಾಲ್ಟಿಗೆ ತನ್ನದೇ ಹುಳಿ ಇರುತ್ತದೆ, ಪಿಎಚ್ಚನ್ನು 5.2ರಿಂದ 5.6ರ ನಡುವೆ ಅದು ಹಿಡಿದಿಟ್ಟುಕೊಳ್ಳುತ್ತದೆ. ತೊಳೆಯುತ್ತಾ ಹೋದಂತೆ ಆ ಹುಳಿಯೂ ಹರಿದುಹೋಗಿ ಕೊನೆಗೆ ನೀರಿನ ಗುಣವೇ ಮೇಲುಗೈ ಆಗುತ್ತದೆ. ಪಿಎಚ್ 6ರ ಹತ್ತಿರ ಬಂತು, ನೀರು 77 ಡಿಗ್ರಿ ದಾಟಿತು ಅಂದರೆ ಸಿಪ್ಪೆಯ ಒಗರು ಬಿಟ್ಟುಕೊಳ್ಳಲು ಶುರು. ಫಿಲ್ಟರಿನಲ್ಲಿ ಒಮ್ಮೆ ಡಿಕಾಕ್ಷನ್ ಇಳಿದ ಪುಡಿಗೆ ಎರಡನೇ ಸಲ, ಮೂರನೇ ಸಲ ನೀರು ಹಾಕಿದರೆ ಏನು ಇಳಿಯುತ್ತದೋ ಅದೇ ಕಥೆ.

ಕ್ಷಾರೀಯತೆ ಅಳೆಯಲು ಲ್ಯಾಬಿಗೆ ಓಡಬೇಕಿಲ್ಲ. ಮೀನಿನ ತೊಟ್ಟಿ ಮಾರುವ ಅಂಗಡಿಗಳಲ್ಲಿ ಕೆಎಚ್ ಕಿಟ್ ಸಿಗುತ್ತದೆ. ಐದು ಎಂಎಲ್ ನೀರಿಗೆ ಹನಿ ಹನಿ ಹಾಕುತ್ತಾ ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸುವುದು. ಒಂದು ಹನಿಗೆ ಒಂದು ಡಿಗ್ರಿ, ಅದನ್ನು 17.9ರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕ. ನಮ್ಮ ಕಾವೇರಿ ನಲ್ಲಿಯಲ್ಲಿ ಆರು ಹನಿಗೆ ಬಣ್ಣ ಬದಲಾಯಿತು, ಅಂದರೆ 107. ಸಂಪಿನ ನೀರಿಗೆ ಹದಿನೇಳು ಹನಿ ಬೇಕಾಯಿತು, 300ಕ್ಕೂ ಮೇಲೆ. ಟ್ಯಾಂಕರ್ ಯಾವ ಬೋರಿನಿಂದ ತುಂಬಿಕೊಂಡು ಬಂತು ಅನ್ನುವುದರ ಮೇಲೆ ಇದು ವಾರ ವಾರವೂ ಬದಲಾಗುತ್ತದೆ. ನಮ್ಮ ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುವ ಬಿಳಿ ಪದರ ಇದೇ ಮಾತನ್ನು ಕಿಟ್ಟಿಲ್ಲದೆ ಹೇಳುತ್ತಿತ್ತು.

12 ಲೀಟರ್ ತೊಳೆಯುವ ನೀರನ್ನು ಪಿಎಚ್ 5.6ರ ಸುತ್ತ ತರಲು ಕಾವೇರಿ ನೀರಿಗೆ 88 ಪರ್ಸೆಂಟಿನ ಲ್ಯಾಕ್ಟಿಕ್ ಆಸಿಡ್ ಎರಡು ಎಂಎಲ್‌ಗಿಂತ ಕಡಿಮೆ ಸಾಕು. ಸಂಪಿನ ನೀರಿಗೆ ಐದು ಎಂಎಲ್. ಐದು ಎಂಎಲ್ ಹಾಕಿದರೆ ಹಗುರ ಬಿಯರಿನಲ್ಲಿ ಮೊಸರಿನ ಹುಳಿಯ ಸುಳಿವು ನಾಲಿಗೆಗೆ ಸಿಗಬಹುದು. ಹಾಗಾಗಿ ಸಂಪಿನ ನೀರು ಬಳಸಲೇಬೇಕಾದಾಗ ಫಾಸ್ಫಾರಿಕ್ ಆಸಿಡ್ ವಾಸಿ, ಅದಕ್ಕೆ ತನ್ನದೇ ಆದ ರುಚಿ ಅಷ್ಟಿಲ್ಲ. ಕಾವೇರಿ ನೀರಿನದು ಬೇರೆ ತಕರಾರು, ಕ್ಲೋರಿನ್. ಹಿಂದಿನ ರಾತ್ರಿಯೇ ಹಿಡಿದಿಟ್ಟು ಒಂದು ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಮುಗಿಯಿತು.

ಆರ್‌ಒ ನೀರು ಬಳಸಿ ಅಂತ ಸಲಹೆ ಕೊಡುವವರಿದ್ದಾರೆ. 2024ರ ಮಾರ್ಚಿನಲ್ಲಿ ಕಾವೇರಿ ನೀರಿನಿಂದ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿದ ಊರು ಇದು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರನ್ನು ಆರ್‌ಒಗೆ ಹಾಕಿ ಅದರ ಬಹುಪಾಲನ್ನು ಚರಂಡಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. ನೀರು ನಿಜವಾಗಿ ಖರ್ಚಾಗುವುದು ಸ್ಪಾರ್ಜಿನಲ್ಲಲ್ಲ, ಕುದಿಸಿದ ವರ್ಟನ್ನು ತಣಿಸುವಾಗ. ಅದನ್ನು ಡ್ರಮ್ಮಿಗೆ ಹಿಡಿದು ಪಬ್ಬಿನ ನೆಲ ತೊಳೆಯಲು ಕೊಡುತ್ತೇವೆ.

ಈಗ ಫ್ಲೈ. ಇದರಲ್ಲಿ ಹಾಸಿನ ಮೇಲೆ ಎರಡು ಬೆರಳಿನಷ್ಟು ನೀರು ಸದಾ ನಿಂತಿರಬೇಕು. ಕೆಳಗಿನಿಂದ ಎಷ್ಟು ವರ್ಟ್ ಹೋಗುತ್ತದೋ ಮೇಲಿನಿಂದ ಅಷ್ಟೇ ಬಿಸಿನೀರು ಬರಬೇಕು. ನೀರು ಮೇಲಿಂದ ಒಂದೇ ಸಮನಾಗಿ ಇಳಿಯುತ್ತಾ ಗಟ್ಟಿ ವರ್ಟನ್ನು ತನ್ನ ಮುಂದೆ ತಳ್ಳಿಕೊಂಡು ಹೋಗುವುದು ಇದರ ತಿರುಳು. ಅವಸರ ಕೂಡದು. 13 ಲೀಟರ್ ಇಳಿಯಲು ಐವತ್ತು ನಿಮಿಷ ಅಂದರೆ ನಿಮಿಷಕ್ಕೆ ಕಾಲು ಲೀಟರ್, ನಲ್ಲಿಯಿಂದ ನೂಲಿನ ಹಾಗೆ. ನೀರು ಬಿದ್ದ ಜಾಗದಲ್ಲಿ ಹಾಸು ಗುಂಡಿ ಬೀಳದಿರಲಿ ಅಂತ ಪೈಪಿನ ತುದಿಯ ಕೆಳಗೆ ತೂತಿರುವ ಒಂದು ಇಡ್ಲಿ ತಟ್ಟೆ ಇಟ್ಟೆ. ಪಬ್ಬಿನ ಅಡುಗೆಮನೆಯಿಂದ ತಂದದ್ದು, ವಾಪಸ್ ಹೋಗಲಿಲ್ಲ.

ತೊಂದರೆ ಬಂದದ್ದು ಪಂಪಿನಿಂದ. ಮ್ಯಾಶ್ ನಡೆಯುವಾಗ ನಿಮಿಷಕ್ಕೆ ಎರಡು ಮೂರು ಲೀಟರ್ ಎಳೆಯಲು ಕಟ್ಟಿದ ಪಂಪು ಅದು. ಅದನ್ನು ಕಾಲು ಲೀಟರಿಗೆ ಇಳಿಸಬೇಕಾದರೆ ಹೊರಬಾಯಿಯ ವಾಲ್ವನ್ನು ಕೂದಲೆಳೆಯಷ್ಟು ತೆರೆದಿಟ್ಟು ಕೂರಬೇಕು. ಒಳಬಾಯಿಯನ್ನು ಬಿಗಿ ಮಾಡುವಂತಿಲ್ಲ, ಬಿಸಿ ವರ್ಟಿನಲ್ಲಿ ಗುಳ್ಳೆ ಎದ್ದು ಪಂಪು ಗರಗರ ಅನ್ನುತ್ತದೆ. ಅದೂ ಅಲ್ಲದೆ ಹೊತ್ತಿಡೀ ಸುತ್ತಿಸಿದ ಹಾಸು ಆಗಲೇ ಬಿಗಿದುಕೊಂಡಿರುತ್ತದೆ. ತೂತಿನ ತಟ್ಟೆಯ ಕೆಳಗಿನಿಂದ ಒಂದು ಪಾರದರ್ಶಕ ಸಿಲಿಕಾನ್ ಪೈಪನ್ನು ಪಾತ್ರೆಯ ಹೊರಗೆ ನೇರ ನಿಲ್ಲಿಸಿದ್ದೆ. ಹಾಸು ಸಡಿಲವಾಗಿದ್ದರೆ ಪಾತ್ರೆಯಲ್ಲಿರುವ ಮಟ್ಟವೇ ಪೈಪಿನಲ್ಲೂ ಕಾಣುತ್ತದೆ. ಬಿಗಿದರೆ ಪೈಪಿನ ಮಟ್ಟ ಇಳಿಯುತ್ತದೆ. ನಾಲ್ಕು ಬೆರಳಿನಷ್ಟು ಅಂತರ ಕಂಡರೆ ಪಂಪು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಪಂಪನ್ನು ಬಿಟ್ಟು ಬರೀ ಇಳಿಜಾರಿನಲ್ಲಿ ಹರಿಯಬಿಟ್ಟಾಗ ಎಷ್ಟೋ ವಾಸಿ. ಹಾಗೆ ಮಾಡಿದರೆ ಪಂಪಿರುವ ಕಿಟ್ಟಿನ ಅನುಕೂಲ ಅಲ್ಲಿಗೇ ಮುಗಿಯಿತಲ್ಲ. ಭಾವನ ದೊಡ್ಡ ಲಾಟರ್ ಟನ್ನಿನಲ್ಲಿ, ಅಂದರೆ ವರ್ಟ್ ಸೋಸುವ ಪಾತ್ರೆಯಲ್ಲಿ, ಹಾಸನ್ನು ಕೊಯ್ಯುತ್ತಾ ತಿರುಗುವ ಕುಂಟೆಯಿದೆ. ನನ್ನ ಪಾತ್ರೆಗೆ ಇರುವುದು ನನ್ನ ಕೈಯಲ್ಲಿನ ಸೌಟು.

ರಿಮ್ಸ್ ಕೊಳವೆಯಿರುವವರಿಗೆ ಹಾಸು ಬಿಗಿಯುವುದು ಬರೀ ಕಿರಿಕಿರಿಯಲ್ಲ. ಹರಿವು ನಿಂತರೂ ಹೀಟರ್ ಉರಿಯುತ್ತಿದ್ದರೆ ಕೊಳವೆಯಲ್ಲಿ ನಿಂತ ವರ್ಟ್ ಸೀದುಹೋಗುತ್ತದೆ. ಆ ಸೀದ ವಾಸನೆ ಇಪ್ಪತ್ತು ಲೀಟರನ್ನೂ ಬಿಡುವುದಿಲ್ಲ. ಹರಿವು ನಿಂತ ಕೂಡಲೇ ಹೀಟರ್ ಆರಿಸುವ ಒಂದು ಫ್ಲೋ ಸ್ವಿಚ್ ಹಾಕಿಸದೆ ಈ ಕೊಳವೆಯನ್ನು ಬಳಸಲೇಬಾರದು ಅನ್ನುತ್ತೇನೆ.

ಇನ್ನು ಕರೆಂಟು. ಶೆಡ್ಡಿಗೆ ಇರುವುದು 16 ಆಂಪಿನ ಒಂದೇ ಪಾಯಿಂಟ್. 3 ಕಿಲೋವ್ಯಾಟಿನ ಹೀಟರ್ 13 ಆಂಪ್ ತಿನ್ನುತ್ತದೆ, ಸಣ್ಣದು ಆರೂವರೆ. ಎರಡೂ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ. ಫ್ಲೈ ಮಾಡುವಾಗ ಮೇಲಿನ ನೀರು ಐವತ್ತು ನಿಮಿಷವೂ 76 ಡಿಗ್ರಿಯಲ್ಲಿ ಇರಬೇಕು, ಅದೇ ಹೊತ್ತಿಗೆ ಕೆಳಗಿನ ಕುದಿಸುವ ಪಾತ್ರೆಯನ್ನೂ ಕಾಯಿಸಲು ಶುರು ಮಾಡಿದರೆ ಹೊತ್ತು ಉಳಿಯುತ್ತದೆ. ಒಂದೇ ಪಾಯಿಂಟಿನಲ್ಲಿ ಇದಾಗದು. ಗೀಸರ್ ಪಾಯಿಂಟಿನಂಥ ಒಂದೇ ಪಾಯಿಂಟನ್ನು ನಂಬಿ ಕಿಟ್ ಕಟ್ಟಿಸುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಎಫಿಷಿಯನ್ಸಿ ಪಟ್ಟಿ ಆಮೇಲೆ ನೋಡಿದರಾಯಿತು.

ಫ್ಲೈನ ಫಲಿತಾಂಶ ಮಾತ್ರ ಚೆನ್ನಾಗಿಯೇ ಇತ್ತು. ನಾಲ್ಕೂವರೆ ಕೆಜಿ ಮಾಲ್ಟಿನಿಂದ ಕುದಿಯುವ ಮುಂಚೆ 25 ಲೀಟರ್, ಗ್ರ್ಯಾವಿಟಿ 1.046. ಎಫಿಷಿಯನ್ಸಿ 84ರ ಸುತ್ತ. ಸಂಪಿನ ನೀರನ್ನು ಆಸಿಡ್ ಹಾಕದೆ ಬಳಸಿ ನೋಡಿದಾಗ ಕೊನೆಯ ಲೋಟದ ರಸದಲ್ಲಿ ಗ್ರ್ಯಾವಿಟಿ 1.008, ಪಿಎಚ್ 6.1. ಬಾಯಿಗೆ ಹಾಕಿಕೊಂಡರೆ ಸಿಹಿ ಇಲ್ಲ, ಬಾಳೆಕಾಯಿ ಸಿಪ್ಪೆ ಕಚ್ಚಿದಂತೆ ನಾಲಿಗೆ ಒಣಗಿತು. ಆಸಿಡ್ ಹಾಕಿದ ಕಾವೇರಿ ನೀರಿನಲ್ಲಿ ಅದೇ ಕೊನೆಯ ಲೋಟ ತೆಳ್ಳಗಿತ್ತು, ಒಗರಿರಲಿಲ್ಲ. ನಮ್ಮಲ್ಲಿ ಬೆಳೆಯುವ ಆರು ಸಾಲಿನ ಬಾರ್ಲಿಯಲ್ಲಿ ಸಿಪ್ಪೆಯ ಪಾಲು ಜಾಸ್ತಿ. ಆ ಮಾಲ್ಟ್ ಬಳಸಿದರೆ ಹಾಸು ಸಲೀಸಾಗಿ ಹರಿಯುತ್ತದೆ, ಒಗರಿನ ಭಯವೂ ಅಷ್ಟೇ ಜಾಸ್ತಿ.

ತೊಳೆಯದೆ ಇರುವ ವಿಧಾನದಲ್ಲಿ ಎಲ್ಲ ನೀರನ್ನೂ ಮೊದಲೇ ಸೇರಿಸಿ, ಬಂದಷ್ಟನ್ನು ಇಳಿಸಿಕೊಳ್ಳುವುದು. ನಾಲ್ಕೂವರೆ ಕೆಜಿ ಮಾಲ್ಟಿಗೆ ಇಪ್ಪತ್ತೊಂಬತ್ತೂವರೆ ಲೀಟರ್ ನೀರು, ಮಾಲ್ಟೇ ಹಿಡಿಯುವ ಜಾಗ ಇನ್ನು ಮೂರು ಲೀಟರ್. ನನ್ನ 30 ಲೀಟರಿನ ಪಾತ್ರೆಯಲ್ಲಿ ಅದು ಹಿಡಿಯುವುದಿಲ್ಲ. ಆದ್ದರಿಂದ ಅದನ್ನು ಪಕ್ಕಕ್ಕಿಟ್ಟು ಬ್ಯಾಚಿಗೆ ಹೋದೆ. ಆಮೇಲೆ ಅದು ಬೇರೆ ಬಾಗಿಲಿನಿಂದ ವಾಪಸ್ ಬಂತು, ಆ ಮಾತು ಮುಂದೆ.

ಬ್ಯಾಚ್ ಸ್ಪಾರ್ಜಿನಲ್ಲಿ ಮೊದಲ ವರ್ಟನ್ನು ಪೂರ್ತಿ ಇಳಿಸಿ, ನೀರನ್ನು ಒಟ್ಟಿಗೆ ಸುರಿದು, ಕಲಕಿ, ಮತ್ತೆ ಪೂರ್ತಿ ಇಳಿಸುವುದು. ಎರಡು ಸಲ ಇಳಿಯುವ ಪ್ರಮಾಣ ಹೆಚ್ಚುಕಡಿಮೆ ಸಮ ಇದ್ದರೆ ಸಿಹಿ ಚೆನ್ನಾಗಿ ಸಿಗುತ್ತದೆ. ನನ್ನ ಲೆಕ್ಕ ಹೀಗೆ: ಕುದಿಯುವ ಮುಂಚೆ 25 ಲೀಟರ್ ಬೇಕು, ಮಾಲ್ಟ್ ಕೆಜಿಗೆ ಒಂದು ಲೀಟರಿನಂತೆ ನಾಲ್ಕೂವರೆ ಲೀಟರ್ ಕುಡಿಯುತ್ತದೆ. ಮ್ಯಾಶಿಗೆ 17, ತೊಳೆಯಲು ಹನ್ನೆರಡೂವರೆ. ಇಷ್ಟು 30 ಲೀಟರಿನ ಪಾತ್ರೆಯಲ್ಲಿ ಆರಾಮವಾಗಿ ಕೂರುತ್ತದೆ.

ಪಂಪು ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ಬ್ಯಾಚಿನ ಮೇಲಿನ ದೂರು ಏನೆಂದರೆ, ಕಲಕಿದ ಕೂಡಲೇ ತಿಳಿಯಾಗಿದ್ದ ಹಾಸು ಕದಡಿ ಹಿಟ್ಟು ಮೇಲೇಳುತ್ತದೆ, ಮತ್ತೆ ಜಗ್ಗಿನಲ್ಲಿ ಹಿಡಿದು ಸುರಿಯಬೇಕು. ನನಗೆ ಅದರ ತಾಪತ್ರಯವಿಲ್ಲ. ನೀರು ಸುರಿದು ಸೌಟಿನಲ್ಲಿ ತಳ ಮುಟ್ಟಿ ಕಲಕುತ್ತೇನೆ. ಐದು ನಿಮಿಷ ಬಿಟ್ಟು ಪಂಪು ಹಾಕುತ್ತೇನೆ, ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ. ಹತ್ತು ನಿಮಿಷದಲ್ಲಿ ಪೈಪಿನಲ್ಲಿ ಬರುವ ರಸ ಮಜ್ಜಿಗೆ ಬಣ್ಣ ಬಿಟ್ಟು ಚಿನ್ನದ ಬಣ್ಣಕ್ಕೆ ಬರುತ್ತದೆ. ಕಲಕಿದ್ದರಿಂದ ಬಿಗಿದ ಹಾಸೂ ಸಡಿಲವಾಗಿರುತ್ತದೆ, ನೀರು ತನಗೆ ಸುಲಭವಾದ ಒಂದೇ ಸೀಳಿನಲ್ಲಿ ಹರಿದುಹೋಗುವ ಪ್ರಶ್ನೆಯೇ ಇಲ್ಲ. ಹರಿವನ್ನು ಸಮ ಹಿಡಿಯುವ ಗೋಜಿಲ್ಲ, ವಾಲ್ವ್ ಕಾಯುವುದಿಲ್ಲ. ಪಂಪಿಲ್ಲದವರಿಗೆ ಬ್ಯಾಚ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಪಂಪಿರುವವರಿಗೆ ಅದು ಇನ್ನೂ ಸುಲಭ, ಇದನ್ನು ಮಾತ್ರ ಯಾರೂ ನನಗೆ ಹೇಳಿರಲಿಲ್ಲ.

ಮೊದಲ ರಸ 1.066, ಎರಡನೆಯದು 1.020. ಬೆರೆತು 1.043. ಎಫಿಷಿಯನ್ಸಿ 79. ಫ್ಲೈಗೆ ಹೋಲಿಸಿದರೆ ಅಷ್ಟೇ ಬಿಯರಿಗೆ ಕಾಲು ಕೆಜಿ ಮಾಲ್ಟ್ ಹೆಚ್ಚು ಬೇಕು, ಉಳಿದದ್ದು ಮುಕ್ಕಾಲು ಗಂಟೆ. ಇನ್ನೊಂದು ಲಾಭ: ಎರಡನೇ ರಸ 1.020ರಲ್ಲೇ ನಿಂತಿರುವುದರಿಂದ ಪಿಎಚ್ 5.7 ದಾಟಲಿಲ್ಲ. ಸಂಪಿನ ನೀರನ್ನು ಅರ್ಧಕ್ಕರ್ಧ ಬೆರೆಸಿದ ದಿನವೂ ಸ್ವಲ್ಪ ಆಸಿಡ್ಡಿನಲ್ಲೇ ಸುಧಾರಿಸಿತು. ನೀರಿನ ಮೇಲೆ ಭರವಸೆ ಇಡಲಾಗದ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕರೆಂಟಿನ ಸಮಸ್ಯೆಗೂ ದಾರಿ ಸಿಕ್ಕಿತು. ತೊಳೆಯುವ ನೀರನ್ನು ಮ್ಯಾಶಿಗೂ ಮೊದಲೇ ದೊಡ್ಡ ಹೀಟರಿನಲ್ಲಿ ಕಾಯಿಸಿ, ಮದುವೆ ಮನೆಯಲ್ಲಿ ಕಾಫಿ ತುಂಬಿಡುತ್ತಾರಲ್ಲ, ನಲ್ಲಿಯಿರುವ ಎರಡು ಪದರದ ಸ್ಟೀಲ್ ಡ್ರಮ್ಮು, ಅದರಲ್ಲಿ ಹಾಕಿಡುತ್ತೇನೆ. ಚಿಕ್ಕಪೇಟೆಯ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಹನ್ನೆರಡೂವರೆ ಲೀಟರ್ ಕಾಯಲು ಇಪ್ಪತ್ತು ನಿಮಿಷ ಸಾಕು. 82 ಡಿಗ್ರಿಗೆ ತುಂಬಿಟ್ಟರೆ ಬೇಕಾದ ಹೊತ್ತಿಗೆ 76ರ ಆಸುಪಾಸಿನಲ್ಲಿರುತ್ತದೆ. ಆಮೇಲೆ ಮ್ಯಾಶ್ ಮುಗಿಯುವವರೆಗೆ ಸಣ್ಣ ಹೀಟರ್ ಮಾತ್ರ. ಅದು ನಿಮಿಷಕ್ಕೆ ಒಂದು ಡಿಗ್ರಿ ಏರಿಸುತ್ತದೆ, 66ರಿಂದ 76ಕ್ಕೆ ಹತ್ತೇ ನಿಮಿಷ. ಮೊದಲ ರಸ ಇಳಿದು ಕೆಳಗಿನ ಹೀಟರ್ ಮುಳುಗಿದ ಮೇಲೆ ಸಣ್ಣದನ್ನು ಆರಿಸಿ ದೊಡ್ಡದನ್ನು ಹಾಕುವುದು. ಎಂಸಿಬಿ ಆಮೇಲೆ ಬಿದ್ದಿಲ್ಲ.

ಥರ್ಮಾಮೀಟರ್ ಬಗ್ಗೆ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿಟ್ಟು 97 ತೋರಿಸಿತು ಅಂತ ಕಂಟ್ರೋಲರಿಗೆ ಮೂರು ಡಿಗ್ರಿ ಸೇರಿಸಿದರೆ ಎಲ್ಲ ಅಳತೆಯೂ ತಪ್ಪುತ್ತದೆ, ಮ್ಯಾಶ್ ತಣ್ಣಗಾಗಿಬಿಡುತ್ತದೆ. ಪಿಐಡಿಯಲ್ಲಿ 100 ಇಟ್ಟು ಕಾದರೆ ಆ ಅಂಕಿ ಯಾವತ್ತೂ ಬರುವುದಿಲ್ಲ, ಹೀಟರ್ ಪೂರ್ತಿ ಜೋರಿನಲ್ಲೇ ಉರಿಯುತ್ತಿರುತ್ತದೆ.

ಇಷ್ಟಕ್ಕೆ ತೀರ್ಮಾನ ಆಯಿತು ಅಂದುಕೊಳ್ಳುವಷ್ಟರಲ್ಲಿ ಭಾವ ರಾಗಿ ತಂದರು.

"ಮೆನುವಿಗೆ ರಾಗಿ ಬಿಯರ್ ಬೇಕು. ಕಾಲು ಭಾಗ ರಾಗಿ ಹಾಕಿ ಮಾಡಿ ತೋರಿಸು."

ರಾಗಿಗೆ ಬಾರ್ಲಿಯ ಹಾಗೆ ಅಂಟಿಕೊಂಡ ಸಿಪ್ಪೆಯಿಲ್ಲ. ಹಾಸಿಗೆ ಅದು ಜರಡಿಯಾಗಿ ಒದಗುವುದಿಲ್ಲ, ಜರಡಿಯ ತೂತು ಮುಚ್ಚುತ್ತದೆ. ಕಾಳು ಎಷ್ಟು ಸಣ್ಣದೆಂದರೆ ಬಾರ್ಲಿಗೆ ಅಂತ 1.2 ಮಿಲಿಮೀಟರಿಗೆ ಇಟ್ಟ ರೋಲರುಗಳ ನಡುವೆ ಅರ್ಧಕ್ಕರ್ಧ ಇಡಿಯಾಗಿಯೇ ಜಾರಿ ಬೀಳುತ್ತದೆ. ಬೇರೆಯಾಗಿ ತರಿ ಮಾಡಿಸಿಕೊಳ್ಳಬೇಕು. ಅದರ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, ಹಾಗಾಗಿ ತರಿಯನ್ನು ಒಂದು ಹಿಡಿ ಬಾರ್ಲಿ ಮಾಲ್ಟ್ ಸೇರಿಸಿ ಅಂಬಲಿಯ ಹಾಗೆ ಬೇಯಿಸಿ ಮ್ಯಾಶಿಗೆ ಹಾಕಿದೆ. ಪಬ್ಬಿನ ಅಡುಗೆಯವರೊಬ್ಬರು, "ಹುರಿಹಿಟ್ಟೇ ಹಾಕಿ ಅಣ್ಣಾ, ಅದು ಆಗಲೇ ಬೆಂದಿರುತ್ತೆ" ಅಂದರು. ಮಾತು ಸರಿಯೇ. ಅರಳಿಸಿದ ರಾಗಿಯಲ್ಲಿ ಪಿಷ್ಟ ಬೆಂದಾಗಿರುತ್ತದೆ, ಬೇರೆ ಬೇಯಿಸುವ ಕೆಲಸವಿಲ್ಲ. ಆದರೆ ಅಷ್ಟು ನುಣ್ಣನೆಯ ಹಿಟ್ಟು ಹಾಸಿನ ಮೇಲೆ ಅಂಟಂಟು ಪದರವಾಗಿ ಕೂತು, ಹೊರಗಿನ ಪೈಪಿನ ಮಟ್ಟ ನೋಡನೋಡುತ್ತಿದ್ದಂತೆ ತಳ ಸೇರಿತು. ಫ್ಲೋ ಸ್ವಿಚ್ ಟಕ್ ಅಂತ ಹೀಟರ್ ಆರಿಸಿದ್ದರಿಂದ ವರ್ಟ್ ಉಳಿಯಿತು.

ಇದಕ್ಕೆ ಮದ್ದು ಭತ್ತದ ಹೊಟ್ಟು. ಹೊರದೇಶದ ಹೋಮ್‌ಬ್ರೂ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಮಾರುವ ಸಾಮಾನು ಇದು. ನಮ್ಮಲ್ಲಿ ರೈಸ್ ಮಿಲ್ಲಿನವರು ಚೀಲಗಟ್ಟಲೆ ಕೊಡುತ್ತಾರೆ. ಧೂಳು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಕೊನೆಗೆ ಬಿಸಿನೀರು ಸುರಿದು, ಒದ್ದೆಯಾಗಿಯೇ ಮ್ಯಾಶಿಗೆ ಬೆರೆಸಬೇಕು. ಒಣ ಹೊಟ್ಟು ಹಾಕಿದರೆ ಅದೂ ವರ್ಟ್ ಕುಡಿಯುತ್ತದೆ. ಕಾಲು ಕೆಜಿ ಹಾಕಿದ ಮೇಲೆ ಹಾಸು ಉಸಿರಾಡಿತು.

ಹೊಟ್ಟು ಹಾಕಿದರೂ ರಾಗಿ ಮ್ಯಾಶನ್ನು ಬ್ಯಾಚಿಗಾಗಿ ಕಲಕಿದಾಗ ಎದ್ದ ಹಿಟ್ಟು ಮತ್ತೆ ಕೂರಲು ಹತ್ತು ನಿಮಿಷ ಸಾಲಲಿಲ್ಲ, ಅರ್ಧ ಗಂಟೆಯಾದರೂ ಪೈಪಿನಲ್ಲಿ ಮಸುಕು ರಸ. ಪಕ್ಕಕ್ಕಿಟ್ಟಿದ್ದ ತೊಳೆಯದ ವಿಧಾನ ಇಲ್ಲಿ ಕೈ ಹಿಡಿಯಿತು. ಒಂದೇ ಪಾತ್ರೆಯಲ್ಲಿ ಹಿಡಿಯದಿದ್ದರೆ ಎರಡು ಪಾತ್ರೆಗಳಲ್ಲಿ ಸುತ್ತಿಸಬಹುದಲ್ಲ. ಮ್ಯಾಶ್ ಪಾತ್ರೆಯನ್ನು ಮೇಲಿನ ಕಟ್ಟೆಯಲ್ಲಿಟ್ಟು, ಉಳಿದ ಹನ್ನೆರಡೂವರೆ ಲೀಟರನ್ನು ಕುದಿಸುವ ಪಾತ್ರೆಯಲ್ಲಿ 76ಕ್ಕೆ ಕಾಯಿಸಿಟ್ಟೆ. ಮ್ಯಾಶ್ ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಮೇಲಿನದರ ನಲ್ಲಿ ಬಿಟ್ಟರೆ ವರ್ಟ್ ತಾನಾಗಿ ಕೆಳಗಿಳಿಯುತ್ತದೆ, ಪಂಪು ಕೆಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ಪಂಪು ಹಾಸಿನ ಕೆಳಗಿನಿಂದ ಎಳೆಯುತ್ತಲೇ ಇಲ್ಲ, ಹಾಗಾಗಿ ಬಿಗಿಯುವ ಭಯ ಅರ್ಧ ಹೋಯಿತು. ರಿಮ್ಸ್ ಕೊಳವೆಗೆ ಕೆಲಸವಿಲ್ಲ, ಸೀಯುವ ಮಾತೂ ಇಲ್ಲ. ಎರಡೂ ಪಾತ್ರೆಗಳ ಗ್ರ್ಯಾವಿಟಿ ಒಂದೇ ಆಗುವವರೆಗೆ ಸುತ್ತಿಸಿ, ಪಂಪು ನಿಲ್ಲಿಸಿ, ಮೇಲಿನದನ್ನು ಬರಿದಾಗಲು ಬಿಟ್ಟರೆ ಮುಗಿಯಿತು. ಎಲ್ಲ ನೀರನ್ನೂ ಮೊದಲೇ ಮ್ಯಾಶಿಗೆ ಸೇರಿಸಿದ್ದರೆ ಕ್ಷಾರವೂ ಪೂರ್ತಿ ಮ್ಯಾಶಿಗೇ ಸೇರಿ ಪಿಎಚ್ ಏರುತ್ತಿತ್ತು. ಕೊನೆಗೆ ಸೇರಿಸಿದ್ದರಿಂದ ಅದೂ ಹಿಡಿತದಲ್ಲಿತ್ತು. ಎಫಿಷಿಯನ್ಸಿ 72. ಅರ್ಧ ಕೆಜಿಗೆ ಸ್ವಲ್ಪ ಕಡಿಮೆ ಮಾಲ್ಟ್ ಹೆಚ್ಚಿಗೆ ಹಾಕಿದರೆ ಬ್ಯಾಚಿನ ಗ್ರ್ಯಾವಿಟಿಯೇ ಬರುತ್ತದೆ. ಮೂರು ವಿಧಾನಗಳಲ್ಲಿ ಇದರ ವರ್ಟಿನ ರುಚಿಯೇ ಹೆಚ್ಚು ದುಂಡಗಿತ್ತು, ಒಗರಿನ ಲೇಶವೂ ಇರಲಿಲ್ಲ.

ಹೀಗಾಗಿ ಬಾರ್ಲಿ ಬಿಯರಿಗೆ ಬ್ಯಾಚ್, ರಾಗಿ ಗೋಧಿ ಸೇರಿದರೆ ಎರಡು ಪಾತ್ರೆಗಳ ಸುತ್ತು. ಫ್ಲೈಗೆ ಅಂತ ತಂದ ಎರಡನೇ ವಾಲ್ವ್ ಈಗ ತಣಿಸುವ ಪೈಪಿಗೆ ಹೋಗಿದೆ. ತೊಳೆದ ಮಾಲ್ಟನ್ನು ಪಕ್ಕದ ಬೀದಿಯಲ್ಲಿ ಹಸು ಸಾಕಿರುವ ಅಜ್ಜಿ ಬಕೆಟ್ ತಂದು ಒಯ್ಯುತ್ತಾರೆ. ತೊಳೆಯದ ವಿಧಾನದ ದಿನ ಮಾಲ್ಟಿನಲ್ಲಿ ಸಿಹಿ ಹೆಚ್ಚು ಉಳಿದಿರುತ್ತದೆ, ಹಸುವಿಗೆ ಅದೇ ಇಷ್ಟವಂತೆ.

ಭಾವ ಮಾತ್ರ ಒಂದು ನ್ಯಾಯವಾದ ತಕರಾರು ಎತ್ತಿದರು. "ನೀನು ತೊಳೀದೇ ಮಾಡಿದ ರುಚಿ ನಾನು ಸಾವಿರ ಲೀಟರ್ ತೊಳೆದರೆ ಬರುತ್ತೇನೋ? ಬರದಿದ್ದರೆ ಪೈಲಟ್ ಅಂತ ಯಾಕೆ ಮಾಡೋದು?" ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ ಒಂದೇ: ವಿಧಾನ ಬೇರೆಯಾದರೂ ಕೊನೆಯ ರಸದ ಪಿಎಚ್ ಹೊಂದಿಸಬಹುದು, ಸ್ವಲ್ಪ ಬೇಗ ನಿಲ್ಲಿಸಬಹುದು. ಒಂದು ಸಲ ನೋಡೋಣ ಅಂದರು. ಈಗ ರಾಗಿ ಬಿಯರ್ ಮಾಡುವ ದಿನ ಅವರ ದೊಡ್ಡ ಟನ್ನಿನಲ್ಲೂ 1.008ರವರೆಗೆ ಹಿಂಡದೆ 1.012 ಕಂಡ ಕೂಡಲೇ ವಾಲ್ವ್ ಮುಚ್ಚುತ್ತಾರೆ. ಹಾಗೆ ಬಿಟ್ಟ ಸಿಹಿಗೆ ಎಷ್ಟು ಕೆಜಿ ಮಾಲ್ಟ್ ಹೆಚ್ಚಿಗೆ ಹೋಯಿತು ಅಂತ ಕೇಳಿದರೆ, "ಅದನ್ನ ನಿಮ್ಮಕ್ಕನ ಮುಂದೆ ಕೇಳಬೇಡ" ಅನ್ನುತ್ತಾರೆ. ಅಕೌಂಟ್ಸ್ ನೋಡುವವಳು ಅಕ್ಕ.